ಸೀಟಿಗಿಂತ ಮುಂಚೆ

"ತಲಿ ತಾಕತೈತ್ರಿ, ಇನ್ನೊಂದು ಗೇಣು ಎತ್ತರ ಆಗ್ಬೇಕು," ಎನ್ನುತ್ತ ಜಂಬಯ್ಯ ಹೆಣ ಕೂರಿಸಿ ಒಯ್ಯಲು ತಾನೇ ಕಟ್ಟಿದ ವಿಮಾನದ ಬಿದಿರ ಕಮಾನನ್ನು ಬಿಚ್ಚತೊಡಗಿದ. ಹೊಸಪೇಟೆಯಲ್ಲಿ ಎಷ್ಟೋ ಮಂದಿಯನ್ನು ಕೂರಿಸಿ ಕಳಿಸಿದ ಕೈ ಅದು. ಕಣ್ಣಳತೆಯಲ್ಲೇ ಕಟ್ಟುತ್ತಿತ್ತು, ಯಾರಿಗೂ ತಪ್ಪಿರಲಿಲ್ಲ. ಗಾದಿಲಿಂಗಪ್ಪನಿಗೆ ತಪ್ಪಿತು.

ಅವ್ವನ ಪಕ್ಕ ಕೂತಿದ್ದ ಅವನ ಮಗಳು ತ್ರಿವೇಣಿ ಅಳು ನಿಲ್ಲಿಸಿ ನೋಡಿದಳು. ವಿಭೂತಿ ಬಳಿದು, ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಆನಿಸಿ ಕೂರಿಸಿದ್ದ ಅಪ್ಪ ಸತ್ತ ಮೇಲೂ ಅಳತೆಗೆ ಸಿಕ್ಕಿರಲಿಲ್ಲ. ಆ ಉದ್ದ ದೇಹವನ್ನು ಅವನು ಸಂಡೂರು ರಸ್ತೆಯ ಟೈರಂಗಡಿಯಲ್ಲಿ ಜೀವನವಿಡೀ ಬಗ್ಗಿಸಿಟ್ಟಿದ್ದ. ಅದಿರಿನಿಂದ ಊರಿನ ಅರ್ಧ ಮಂದಿ ಮೇಲಕ್ಕೆದ್ದರು. ಅವನು ಮಾತ್ರ ಅದಿರು ಲಾರಿಯ ಕೆಳಗೇ ಉಳಿದ. ಕೇಳಿದರೆ, "ಎಲ್ಲಾರ್ನೂ ಎತ್ತಿದ್ದು ನನ್ನ ಲಾರಿ ಜಾಕಲೇ" ಎಂದು ನಗುತ್ತಿದ್ದ.

ಶಾಮಿಯಾನದ ಕೆಳಗೆ, ಒಂದು ಕಾಲಕ್ಕೆ ಅವನೂ ಆಡಿದ್ದ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಹಳೆಯ ಆಟಗಾರರು ಕೂತಿದ್ದರು. ಸಾವಿನ ಮನೆಯಲ್ಲೂ ಸುಮ್ಮನಿರಲು ಬಾರದ ಜಾತಿ ಅದು. ಹಾರಿ, ರಿಂಗಿನ ಮೇಲಿಂದ ಚೆಂಡನ್ನು ಕೈಯಾರೆ ಒಳಕ್ಕೆ ತುರುಕುವ ಡಂಕನ್ನು ತಂಡದ ಚರಿತ್ರೆಯಲ್ಲೇ ಚೆಂದ ಹೊಡೆದವರು ಯಾರು ಎಂಬ ಚರ್ಚೆ ಆಗಲೇ ಕಾವೇರಿತ್ತು.

"ಪಂದ್ಯದಾಗ ಹೊಡೆದದ್ದಷ್ಟ ಲೆಕ್ಕ," ಎಂದ ವೀರೇಶ್. ಎಂಬತ್ತರ ದಶಕದಲ್ಲಿ ತಂಡದ ನಾಯಕನಾಗಿದ್ದವನು, ಈಗ ಹತ್ತಾರು ಲಾರಿಗಳ ಮಾಲೀಕ. "ಪ್ರಾಕ್ಟೀಸಿನಾಗ ಹಂಪಿ ಮಂಗ್ಯಾನೂ ಹೊಡೀತೈತಿ. ಪಂದ್ಯದಾಗ ಮೊದ್ಲು ಹೊಡೆದವ ನಾನು. ಚೆಂದ ಹೊಡೆದವ ಈ ಕಿರಣ."

ಕಾಲೇಜು ಮುಗಿಸಿ ವರ್ಷವಷ್ಟೇ ಆಗಿದ್ದ ಕಿರಣ್ ಕುಮಾರ್ ತಲೆಯಾಡಿಸಿದ. "ನಾ ಹಾರಾಕ ಕಲ್ತಿದ್ದ ಗಾದಿಲಿಂಗಣ್ಣನ ಅಂಗಡಿ ಮುಂದ. ಅವರನ್ನ ಬಿಟ್ಟು ಹೆಂಗ್ರಿ ಎಣಸ್ತೀರಿ?"

"ಹಾರಿದ್ದು ಖರೆ ತಮ್ಮಾ. ಆದ್ರ ಅಂಪೈರ್ ಸೀಟಿ ಊದಿದ ಮ್ಯಾಲಂತ. ಊಟ ಮುಗದ ಮ್ಯಾಲೆ ಬಡಿಸಿದಂಗ," ಎಂದ ವೀರೇಶ್.

ವೀರೇಶನಿಗಿಂತ ಮೊದಲೇ ಗಾದಿಲಿಂಗಪ್ಪನ ಜೊತೆ ಆಡಿದ್ದ ಈಶ್ವರ್‌ಗೆ ತಡೆಯಲಾಗಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವುದಕ್ಕಿಂತ ಪಾಠ ಹೇಳುವವರ ದನಿ ತೆಗೆಯುವುದರಲ್ಲೇ ಹೆಸರಾದವನು. ಎದ್ದು ನಿಂತು, ತೀರಿಹೋದ ಡ್ರಿಲ್ ಮಾಸ್ತರರನ್ನು ಮೂಗಿನಿಂದಲೇ ಎಬ್ಬಿಸಿ ತಂದ. "'ಏ ಗಾದೀ, ಗಾದಿ ಮ್ಯಾಲೆ ಬಿದ್ಕೋಬ್ಯಾಡಲೇ, ಹಾರಲೇ!' ಅಂದ್ರು ಮಾಸ್ತರು. ಹಾರಿದ ನೋಡು ನಮ್ಮ ಗಾದಿ! ಸೀಟಿ ಎಲ್ಲಿತ್ತಲೇ ಆವಾಗ?"

ಅಳುತ್ತಿದ್ದ ಮುದುಕಿಯರು ಸೆರಗು ಬಾಯಿಗಿಟ್ಟುಕೊಂಡರು. ಯಾತಕ್ಕೆಂದು ಅವರಿಗೇ ಗೊತ್ತು.

ತ್ರಿವೇಣಿ ಎದ್ದು ಬಂದಳು. "ಕಾಕಾ, ನೀವು ಕಣ್ಣಾರೆ ನೋಡಿದ್ರೇನು?"

ಈಶ್ವರನಿಗೆ ಸ್ವಂತ ದನಿ ಮರಳಿತು. "ಕೇಳೀನವ್ವ. ಆ ಹೊತ್ನ್ಯಾಗ ಗೇಟಿನ ಹೊರಗ... ಮಿರ್ಚಿ ತಿನ್ನಾಕ ಹೋಗಿದ್ದೆ."

"ನಿನ್ನ ಸಾಕ್ಷಿ ಖಾರ ಐತಿ ಮಾರಾಯ, ಗಟ್ಟಿ ಇಲ್ಲ," ಎಂದ ವೀರೇಶ್.

* * *

ಆ ಡಂಕಿಗೆ ರಿಂಗಿನ ಹಿಂದಿನ ಹಲಗೆ ಸೀಳಿ, ರಿಂಗು ಬಾಗಿ, ಬಳ್ಳಾರಿಯ ಜೊತೆಗಿನ ಪಂದ್ಯ ಅಲ್ಲಿಗೇ ನಿಂತಿತ್ತು. ಊರಿಗೆಲ್ಲ ಒಪ್ಪಿತವಾದದ್ದು ಅಷ್ಟೇ. ಕಾಲೇಜಿಗೆ ಹೊಸ ಹಲಗೆ ಬಂದಾಗ ಗಾದಿಲಿಂಗಪ್ಪ ಬಾಗಿದ ರಿಂಗನ್ನು ಹೆಗಲಿಗೇರಿಸಿಕೊಂಡು ಬಂದು, ಅಂಗಡಿ ಮುಂದಿನ ಕಂಬಕ್ಕೆ ಆಟದ ಎತ್ತರದಲ್ಲೇ, ದಾರಿಯತ್ತ ಚಾಚುವಂತೆ ಬಿಗಿದ. ಲಾರಿ ಗಾಲಿಯ ಉಕ್ಕಿನ ಡಿಸ್ಕನ್ನೇ ಬಡಿದು ಸರಿಮಾಡುವ ಮನುಷ್ಯ ಅದೊಂದನ್ನು ನೆಟ್ಟಗೆ ಮಾಡಲಿಲ್ಲ. ತ್ರಿವೇಣಿ ಆಟ ಕಲಿತದ್ದು ಆ ಸೊಟ್ಟ ರಿಂಗಿನಲ್ಲೇ.

ಅವಳು ಕಾಲೇಜು ತಂಡ ಸೇರಿದ ವರ್ಷ ಯಾರೋ ಎಲ್ಲರೆದುರು, "ನಿಮ್ಮಪ್ಪಂದು ಸೀಟಿ ಆದ್ಮ್ಯಾಲಿನ ಡಂಕು" ಎಂದು ಹಂಗಿಸಿದರು. ಅಂಗಡಿಗೆ ಬಂದವಳೇ ಬೂಟು ಕಿತ್ತೆಸೆದಳು.

"ಖರೆ ಹೇಳಪ್ಪಾ. ಸೀಟಿಗಿಂತ ಮುಂಚೆನೋ, ಆಮ್ಯಾಲೋ?"

ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದ. "ಆಡಿದವ ಹೇಳಬಾರದವ್ವ. ನೋಡಿದವ್ರು ಹೇಳಬೇಕು."

"ಯಾರೂ ಹೇಳವಲ್ರು!"

"ತಡಿ. ಗಾಳಿ ಎಲ್ಲಿದ್ರೂ ಗುಳ್ಳಿ ಎದ್ದ ಏಳ್ತೈತಿ," ಎಂದು ಟ್ಯೂಬನ್ನು ಇನ್ನೊಂದು ಸುತ್ತು ತಿರುಗಿಸಿದ್ದ.

* * *

ಕಮಾನು ಎತ್ತರವಾಗಿ, ಹೆಣವನ್ನು ವಿಮಾನದಲ್ಲಿ ಕೂರಿಸಿ, ಕಮಾನಿನ ನೆತ್ತಿಗೆ ಚೆಂಡುಹೂವಿನ ಗೊಂಚಲು ಕಟ್ಟುವ ಹೊತ್ತಿಗೆ ಉದ್ದನೆಯ ಆಳೊಬ್ಬ ಬಗ್ಗಿ ಶಾಮಿಯಾನದೊಳಗೆ ಬಂದ. ಹೆಣದ ಪಾದ ಮುಟ್ಟಿ, ಮೊಣಕಾಲನ್ನು ಒಮ್ಮೆ ಸವರಿ, ಎಲ್ಲರತ್ತ ತಿರುಗಿದ. ಮುಂದಿನ ಹಲ್ಲೊಂದು ಇರಲಿಲ್ಲ.

"ನಾನು ಪಕೀರಪ್ಪ. ಕಂಪ್ಲ್ಯಾಗ ರೈಸ್‌ಮಿಲ್ಲು. ಹಿಂದ ಬಳ್ಳಾರಿ ತಂಡದಾಗ ಆಡ್ತಿದ್ದೆ."

ಈಶ್ವರ್ ಕಣ್ಣರಳಿಸಿದ. "ಅವತ್ತು ರಿಂಗಿನ ಕೆಳಗ ನಿಂತಿದ್ದವ..."

"ನಾನ! ಗಾದಿಲಿಂಗ ಡಂಕ್ ಹೊಡೆದದ್ದು ನನ್ನ ತಲಿ ಮ್ಯಾಲೆ ಅಂತ ಮದುವಿ ಮನ್ಯಾಗೂ ಹೇಳ್ತೀನಿ. ಬ್ಯಾರೆ ಯಾರಿಗೈತ್ರಿ ಆ ಭಾಗ್ಯ? ಈ ಹಲ್ಲು ಇವನ ಮೊಣಕಾಲಿಗೆ ಹೋತು. ಹೇಳಿದ್ರ ಮಂದಿ ನಂಬಬೇಕಲ್ಲ, ಅದಕ್ಕ ಕಟ್ಟಿಸ್ಕೊಂಡಿಲ್ಲ."

"ಸೀಟಿ?" ತ್ರಿವೇಣಿ ಮುಂದೆ ಬಂದಳು. "ಸೀಟಿ ಆದ್ಮ್ಯಾಲೆ ಹೊಡೆದದ್ದಂತಲ್ರಿ?"

"ಸೀಟಿ ಆಗಿದ್ರ ನಾ ಯಾಕವ್ವ ತಡ್ಯಾಕ ಹಾರ್ತಿದ್ದೆ, ನನಗೇನು ಹುಚ್ಚೇನು?" ಪಕೀರಪ್ಪನಿಗೆ ಅವಮಾನವಾದಂತಿತ್ತು. "ಹಲಗಿ ಸೀಳಿದ ಸಪ್ಪಳಕ್ಕ ಬೆಚ್ಚಿಬಿದ್ದು ಅಂಪೈರ್ ಊದಿದ. ಚೆಂಡು ಆವಾಗ್ಲೇ ರಿಂಗ್ ದಾಟಿ ನನ್ನ ಕಾಲಾಗ ಬಿದ್ದಿತ್ತು!"

ತ್ರಿವೇಣಿ ಅಪ್ಪನ ಮುಖ ನೋಡಿದಳು. ವೀರೇಶ್ ಟವೆಲ್ ಕೊಡವಿ ಎದ್ದ.

"ಹಂಗಾದ್ರ ನಾ ಎರಡನೇದವ," ಎಂದು ಹೋಗಿ ವಿಮಾನದ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಇನ್ನೊಂದು ಕಡೆ ಕಿರಣ್, ಹಿಂದೆ ಈಶ್ವರ್, ಪಕೀರಪ್ಪ.

'ಹರ ಹರ ಮಹಾದೇವ' ಎನ್ನುತ್ತ ಮೆರವಣಿಗೆ ಸಂಡೂರು ರಸ್ತೆಗೆ ಇಳಿಯಿತು. ಅದಿರು ಲಾರಿಗಳು ಸಾಲಾಗಿ ನಿಂತವು. ಅಪ್ಪನ ಕೈಯಲ್ಲಿ ಟೈರು ಹಾಕಿಸಿಕೊಂಡ ಡ್ರೈವರ್‌ಗಳು ಕೆಳಗಿಳಿದು ತಲೆಯ ಟವೆಲ್ ತೆಗೆದರು. ಸ್ಮಶಾನದ ದಾರಿ ತಿರುಗುವುದು ಅಂಗಡಿಯ ಮಗ್ಗುಲಲ್ಲೇ. ಮುಂದೆ ನಡೆಯುತ್ತಿದ್ದ ಜಂಬಯ್ಯ ಕತ್ತೆತ್ತಿ ಗಕ್ಕನೆ ನಿಂತ.

"ರಿಂಗು ತಾಕತೈತ್ರಿ! ಆ ಗೇಣು ಹೆಚ್ಚಾತು. ಇಳಿಸ್ರಿ, ಇಳಿಸಿ ದಾಟಿಸ್ರಿ."

"ಇಳಿಸಬ್ಯಾಡ್ರಿ," ಎಂದಳು ತ್ರಿವೇಣಿ. "ಎತ್ರಿ."

ನಾಲ್ವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಹೆಗಲಿನಿಂದ ಅಂಗೈಗೆ, ಅಂಗೈಯಿಂದ ತೋಳಿನುದ್ದಕ್ಕೆ, ತುದಿಗಾಲ ಮೇಲೆ ನಿಂತು, ರಿಂಗಿನ ಮಗ್ಗುಲಿಗೇ ಎತ್ತಿದರು. ಗಾದಿಲಿಂಗಪ್ಪನ ವಿಭೂತಿಯ ಹಣೆ ರಿಂಗಿನ ಸಮಕ್ಕೆ ಬಂತು, ಅದನ್ನೂ ಮೀರಿತು. ಕಮಾನಿನ ನೆತ್ತಿಯ ಗೊಂಚಲು ರಿಂಗಿನತ್ತ ವಾಲಿ, ಕಳಚಿ, ರಿಂಗಿನೊಳಗೆ ಬಿದ್ದು, ಅಂಚಿಗೂ ತಾಗದೆ ಕೆಂಧೂಳಿಗೆ ಇಳಿಯಿತು.

ಮೆರವಣಿಗೆ ದಾಟಿ ಹೋದ ಮೇಲೂ ಸೊಟ್ಟ ರಿಂಗು ಗಾಳಿಯಿಲ್ಲದೆ ಅಲುಗುತ್ತಲೇ ಇತ್ತು.