ಎಣ್ಣೆಬಣ್ಣದ ಹೆಸರು

ಚಕ್ಕಡಿಯಿಂದ ಹಲಗೆ ಇಳಿಸುತ್ತಿದ್ದ ಉಳಿವೆಪ್ಪ ಒಂದನ್ನು ಮಾತ್ರ ಮಗುಚಿ ಕೆಳಗಿಟ್ಟು, ಅದರ ಮೇಲೆ ಉಳಿದವನ್ನು ಗಡಬಡಿಸಿ ಹೇರಿದ. ಹಿತ್ತಲ ಬಾಗಿಲಲ್ಲಿ ಬಾಯಿಗೆ ಸೆರಗಿಟ್ಟುಕೊಂಡು ನಿಂತಿದ್ದ ಹಮೀದುನ್ನೀಸಾ ಅದನ್ನು ಕಂಡಳು. ಗಂಡ ಸತ್ತವಳಿಗೆ ಕಣ್ಣೀರಿನಲ್ಲಿ ಏನೂ ಕಾಣುವುದಿಲ್ಲ ಎಂದು ಗಂಡಸರು ತಿಳಿದಿರುತ್ತಾರೆ. ಹಾಗೇನಿಲ್ಲ. ಅವತ್ತು ಬೇಡವೆಂದರೂ ಎಲ್ಲವೂ ಕಾಣುತ್ತದೆ.

“ಹಲಗಿ ಎಲ್ಲಿಂದ ತಂದ್ರಿ, ಉಳಿವೆಪ್ಪಣ್ಣ?”

“ಜಿನ್ನಿನಿಂದ, ವೈನಿ. ಸಾವ್ಕಾರ್ರು ಕಳಿಸ್ಯಾರ. ದಸ್ತಗೀರ ನಮ್ಮ ಮನಷ್ಯಾ, ಅವನ ಗೋರಿಗೆ ಹಲಗಿ ನಮ್ಮವ ಆಗ್ಬೇಕು ಅಂದ್ರು.”

ಹೆಣವನ್ನು ಗುಂಡಿಯಲ್ಲಿ ಮಲಗಿಸಿ, ಮೇಲೆ ಅಡ್ಡಡ್ಡ ಹಲಗೆ ಹೊಂದಿಸಿ, ಆಮೇಲೆ ಮಣ್ಣೆಳೆಯುವುದು ಮುಸಲ್ಮಾನರ ರೂಢಿ. ಹಲಗೆ ಕೊಟ್ಟವರಿಗೆ ಪುಣ್ಯ ಎನ್ನುತ್ತಾರೆ. ಹತ್ತಿ ಬಿಡಿಸುವ ಜಿನ್ನಿನ ಸಾವ್ಕಾರರು ಪುಣ್ಯದ ಕೆಲಸದಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಒಳಗೆ ಪರದೆಯ ಆಚೆ ದಸ್ತಗೀರಸಾಬನ ಮೈ ತೊಳೆಯುವ ನೀರಿನ ಸಪ್ಪಳ ಕೇಳುತ್ತಿತ್ತು.

“ತಳಗಿನ ಹಲಗಿ ತಗೀರಿ.”

“ಹಲಗಿ ಹಲಗೀನ ವೈನಿ. ಅದರಾಗ ಏನ್ ನೋಡ್ತೀರಿ?”

“ತಗೀರಿ ಅಂದ್ನಿ.”

ಉಳಿವೆಪ್ಪ ಜಿನ್ನಿನಲ್ಲಿ ನಲವತ್ತು ವರ್ಷ ಮೂಟೆ ಹೊತ್ತ ಮನುಷ್ಯ. ಆ ಒಂದು ಹಲಗೆ ಎತ್ತಲು ಅವನ ಕೈ ಸೋತವು. ಕರೀ ಬಣ್ಣ ಬಳಿದ ಸಾಗವಾನಿ, ಮೇಲೆ ಬಿಳಿ ಅಕ್ಷರ. ಹಮೀದುನ್ನೀಸಾಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಏಳು ವರ್ಷ ಬುತ್ತಿ ಹಿಡಿದು ಜಿನ್ನಿನ ಗೇಟಿನಲ್ಲಿ, ಈ ಅಕ್ಷರಗಳ ಕೆಳಗೇ, ಮಧ್ಯಾಹ್ನದ ಊಟದ ಭೋಂಗಾ ಕೂಗುವುದನ್ನು ಕಾಯುತ್ತ ನಿಂತವಳು ಅವಳು. ಮೊದಲ ಸಾಲಿನ ದಪ್ಪ ಅಕ್ಷರ ತನ್ನ ಗಂಡನ ಹೆಸರೆಂದು ಅವಳಿಗೆ ಗೊತ್ತು. ಒಮ್ಮೆ ಅವನೇ ಬೆರಳಿಟ್ಟು ತೋರಿಸಿ, “ಇದು ನಾನು” ಎಂದು ನಕ್ಕಿದ್ದ. ಆ ನಗು ನೋಡಿದ್ದಕ್ಕಿಂತ ಅವನು ಅತ್ತಿದ್ದರೆ ಅವಳಿಗೆ ಹಗುರಾಗುತ್ತಿತ್ತು.

*

ಸವಣೂರಿನ ಆ ಜಿನ್ನಿನಲ್ಲಿ ತಪ್ಪು ಮಾಡಿದವರ ಹೆಸರನ್ನು ಗೇಟಿನ ಕರಿಹಲಗೆಯ ಪಾಟಿಯ ಮೇಲೆ ಬಳಪದಿಂದ ಬರೆಯುವ ಪದ್ಧತಿಯಿತ್ತು. ತಡವಾಗಿ ಬಂದವರು, ಅರಳೆಯ ರಾಶಿಯಲ್ಲಿ ನಿದ್ದೆ ಹೋದವರು, ಬೀಡಿ ಹಚ್ಚಿದವರು. ಸೂಟಿಯ ಹಿಂದಿನ ಸಂಜೆ ಒದ್ದೆ ಅರಿವೆಯಿಂದ ಒರೆಸಿದರೆ ಮುಗಿಯಿತು. ನಾಚಿಕೆಗೂ ವಾರಕ್ಕೊಮ್ಮೆ ಸೂಟಿ ಇತ್ತು ಅನ್ನಿ.

ದಸ್ತಗೀರಸಾಬ ಅಲ್ಲಿ ಯಂತ್ರ ನೋಡಿಕೊಳ್ಳುವ ಮಿಸ್ತ್ರಿಯಾಗಿದ್ದ. ಐವತ್ತಾರನೇ ಇಸವಿಯ ಸುಗ್ಗಿಯಲ್ಲಿ ಯಂತ್ರ ತಿರುಗಿಸುವ ಚರ್ಮದ ಪಟ್ಟಾ ಮತ್ತೆ ಮತ್ತೆ ಜಾರತೊಡಗಿತು. ಜಾರಿದಾಗೊಮ್ಮೆ ಯಂತ್ರ ನಿಲ್ಲಿಸಿ, ಪಟ್ಟಾದ ಸುತ್ತ ಕಾವಲಿಗಿದ್ದ ಕಬ್ಬಿಣದ ಜಾಳಿಗೆ ಬಿಚ್ಚಿ, ಸರಿಮಾಡಿ, ಮತ್ತೆ ಕೂಡಿಸಬೇಕು. ಹೊರಗೆ ಹತ್ತಿಯ ಚಕ್ಕಡಿಗಳು ಸಾಲುಗಟ್ಟಿ ನಿಂತಿದ್ದವು.

“ಆ ಜಾಳಿಗಿ ಬಿಚ್ಚಿ ಒಗಿಯೋ ಮಾರಾಯಾ,” ಎಂದರು ಸಾವ್ಕಾರರು. “ಸುಗ್ಗಿ ಮುಗದ ಮ್ಯಾಲ ಹಾಕಿದ್ರಾತು.”

“ಹೆಣ್ಮಕ್ಕಳು ಅಡ್ಡಾಡ್ತಾರ್ರಿ. ಸೆರಗ ಗಿರಗ…”

“ಜಿನ್ನು ನಂದೋ ನಿಂದೋ?”

ಮರುದಿನವೂ ಅದೇ ಮಾತಾಯಿತು. ಅದರ ಮರುದಿನ ದಸ್ತಗೀರಸಾಬ ಪಾನಾ ಎತ್ತಿಕೊಂಡು ಬೋಲ್ಟು ಬಿಚ್ಚಿದ. ಆ ವಾರದಲ್ಲೇ, ಶಂಕ್ರವ್ವನ ಮಗಳು, ಅರಳೆ ಗುಡಿಸುವ ಮಾದೇವಿಯ ಸೆರಗು ಪಟ್ಟಾಕ್ಕೆ ಸಿಕ್ಕಿತು. ಮದುವೆ ಗೊತ್ತಾಗಿದ್ದ ಹುಡುಗಿ. ಯಂತ್ರ ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹುಬ್ಬಳ್ಳಿಯಿಂದ ಕಾರ್ಖಾನೆಗಳ ಇನ್‌ಸ್ಪೆಕ್ಟರ್ ಬರುವ ಹಿಂದಿನ ದಿನ ಸಾವ್ಕಾರರು ಮಿಸ್ತ್ರಿಯನ್ನು ಕರೆದು ಕೂಡಿಸಿ ಚಹಾ ಕೊಟ್ಟರು. “ನನ್ನ ಹೆಸರ ಬಂದ್ರ ಜಿನ್ನು ಮುಚ್ತಾರ. ಎಷ್ಟ ಮನಿ ಒಲಿ ಆರ್ತಾವ ವಿಚಾರ ಮಾಡು. ನಿನ್ನ ಹೊಟ್ಟಿಮ್ಯಾಲ ನಾ ಹೊಡಿಯೂದಿಲ್ಲ. ನಿನ್ನ ಮಗಗೂ ಮುಂದ ಒಂದು ಜಾಗಾ ಐತಿ.”

ವಿಚಾರಣೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಜಾಳಿಗೆ ಬಿಚ್ಚಿದವರು ಯಾರು? “ನಾನ್ರಿ” ಎಂದ ದಸ್ತಗೀರಸಾಬ. ಅದು ಸುಳ್ಳೇನೂ ಅಲ್ಲ. ಬಿಚ್ಚು ಎಂದವರು ಯಾರೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮಲ್ಲಿ ಹೊಸದಲ್ಲ. ಎಮ್ಮೆ ತಾನಾಗಿ ಬಂದು ಬೆನ್ನು ಕೊಟ್ಟರೆ ಕೇಳುವುದೇ ಬೇಡ.

ಕೆಲಸದವರಿಗೆ ಎಚ್ಚರಿಕೆ ಇರಲಿ ಎಂದು ಹೇಳಿ ಇನ್‌ಸ್ಪೆಕ್ಟರ್ ಹೋದ. ಸಾವ್ಕಾರರು ಪೇಂಟರನನ್ನು ಕರೆಸಿದರು. ‘ಮಿಸ್ತ್ರಿ ದಸ್ತಗೀರಸಾಬನ ನಿಷ್ಕಾಳಜಿಯಿಂದ ಒಂದು ಜೀವ ಹೋಯಿತು. ಎಲ್ಲರೂ ಹುಷಾರಾಗಿರಿ.’ ಅದೇ ಗೇಟಿನ ಪಾಟಿಯ ಮೇಲೆ, ಬಳಪದಲ್ಲಲ್ಲ, ಎಣ್ಣೆಬಣ್ಣದಲ್ಲಿ. ಪಾನಾ ಕಸಿದುಕೊಂಡು ಸತ್ತ ಹುಡುಗಿಯ ಕಸಬರಿಗೆಯನ್ನೇ ಅವನ ಕೈಗೆ ಕೊಟ್ಟರು. ಮಾದೇವಿ ಗುಡಿಸುತ್ತಿದ್ದ ಜಾಗವನ್ನು ಅವನು ಏಳು ವರ್ಷ ಗುಡಿಸಿದ. ಅರಳೆಯ ಧೂಳು ಎದೆಯಲ್ಲಿ ಕೂತು ಕೆಮ್ಮಾಯಿತು, ಕೆಮ್ಮು ಅವನನ್ನು ತಿಂದಿತು.

ಅವನು ಹಾಸಿಗೆ ಹಿಡಿದಾಗ ಹಮೀದುನ್ನೀಸಾ ಸಾವ್ಕಾರರ ಕಟ್ಟೆಗೆ ಹೋಗಿ ನಿಂತಿದ್ದಳು. ಅವಳು ಬೇರೇನೂ ಬೇಡಲಿಲ್ಲ.

“ಅವರ ಕಣ್ಣ ಮುಚ್ಚೂದ್ರಾಗ ಆ ಪಾಟಿ ಒಂದ ತಗಸ್ರಿ.”

“ನೋಡವಾ ತಂಗಿ,” ಸಾವ್ಕಾರರ ದನಿಯಲ್ಲಿ ಸಿಟ್ಟಿರಲಿಲ್ಲ. “ಶಿಕ್ಷಾ ಅನ್ನೂದು ನಾಕ ಮಂದಿಗೆ ಕಾಣ್ಬೇಕು. ಕಾಣಲಿಲ್ಲಂದ್ರ ಯಾರು ಹೆದರ್ತಾರ? ನನಗೇನ ಅವನ ಮ್ಯಾಲ ದ್ವೇಷ ಐತೇನು? ಇರ್ಲಿ, ತಗಸೋಣಂತ.”

*

ತೆಗೆಸಿದ್ದರು. ಕೊಟ್ಟ ಮಾತು ತಪ್ಪಿರಲಿಲ್ಲ.

ಹಮೀದುನ್ನೀಸಾ ಹಲಗೆಯ ಮುಂದೆ ಕುಕ್ಕರಿಸಿದಳು. ಕೈಗೆ ಸಿಕ್ಕ ಹಂಚಿನ ಚೂರಿನಿಂದ ಮೊದಲ ಅಕ್ಷರವನ್ನು ಕೆರೆಯತೊಡಗಿದಳು. ಪೇಂಟರ ಒಳ್ಳೆಯ ಕೆಲಸಗಾರ. ಬಣ್ಣ ಪುಡಿಪುಡಿಯಾಗಿ ಉಗುರಿನ ಸಂದಿ ಸೇರಿತೇ ಹೊರತು ಅಕ್ಷರ ಅಳಿಯಲಿಲ್ಲ. ಉಳಿವೆಪ್ಪ ನೋಡಲಾರದೆ ಎತ್ತುಗಳ ಕಡೆಗೆ ನಡೆದ.

ದುಃಖ ಕೇಳಲು ಬಂದಿದ್ದ ಶಂಕ್ರವ್ವ, ಸತ್ತ ಮಾದೇವಿಯ ತಾಯಿ, ಹಿತ್ತಲಿಗೆ ಬಂದು ಇದನ್ನು ಕಂಡಳು. ಮಾತಿಲ್ಲದೆ ಎದುರಿಗೆ ಕೂತಳು. ಅವಳೂ ಒಂದು ಹಂಚಿನ ಚೂರು ಹುಡುಕಿಕೊಂಡಳು. ಇಬ್ಬರೂ ಕೆರೆದರು.

“ಅಕ್ಕಾ,” ಶಂಕ್ರವ್ವ ತಲೆ ಎತ್ತದೆ ಅಂದಳು, “ನನಗ ಮೊದಲ ಗೊತ್ತಿತ್ತು. ಮಾದೇವಿ ಮನಿಗೆ ಬಂದು ಹೇಳಿದ್ಲು. ಮಿಸ್ತ್ರಿ ಒಲ್ಲೆ ಒಲ್ಲೆ ಅಂದ್ರೂ ಸಾವ್ಕಾರ ಜಾಳಿಗಿ ಬಿಚ್ಚಿಸಿದ, ಅವ್ವಾ, ಅಂಜಿಕಿ ಬರ್ತೈತಿ ಅಂತ.”

ಹಮೀದುನ್ನೀಸಾಳ ಕೈ ನಿಂತಿತು. “ಮತ್ತ ಏಳ ವರ್ಷ ಬಾಯಿ ಯಾಕ ತಗೀಲಿಲ್ಲ?”

“ಸಾವ್ಕಾರ ಮನಿಗೆ ಹಂಚ ಹೊದಿಸಿ ಕೊಟ್ಟ. ನನ್ನ ಇನ್ನೊಬ್ಬ ಮಗಳ ಮದವಿ ಮಾಡಿ ಕೊಟ್ಟ. ಆ ಹಂಚಿನ ತಳಗ ಕುಂತು ಏನಂತ ಬಾಯಿ ತಗೀಲಿ?”

“ಈಗ ಹೇಳು. ಹೊರಗ ಊರ ಮಂದಿ ನಿಂತೈತಿ. ಜನಾಜಾ ಹೆಗಲಿಗೆ ಏಳೂಕಿಂತ ಮೊದಲ ಒಂದ ಮಾತ. ನಿನ್ನ ಮಾತು ಯಾರೂ ತಗದ ಹಾಕೂದಿಲ್ಲ, ಸತ್ತಾಕಿ ನಿನ್ನ ಮಗಳು.”

ಶಂಕ್ರವ್ವ ಕೆರೆಯುತ್ತಲೇ ಇದ್ದಳು. ಅಷ್ಟರಲ್ಲಿ ಅಂಗಳದಲ್ಲಿ ಮಗ ನಿಯಾಜನ ದನಿ ಕೇಳಿತು. ಸತ್ತವನ ಪರವಾಗಿ ಮಗನೇ ನಿಂತು ಕೇಳಬೇಕಾದ ಮಾತು ಅದು.

“ನಮ್ಮ ಅಬ್ಬಾ ಯಾರಿಗರ ನೋವು ಮಾಡಿದ್ರ, ಯಾರಿಗರ ಅನ್ಯಾಯ ಮಾಡಿದ್ರ, ಅಲ್ಲಾನ ಸಲುವಾಗಿ ಮಾಫ್ ಮಾಡ್ರಿ.”

“ಮಾಫ್, ಮಾಫ್” ಎಂದಿತು ಮಂದಿ. ಗದ್ದಲ ಇಳಿದ ಮೇಲೆ ಸಾವ್ಕಾರರ ತುಂಬು ದನಿ ಕೇಳಿಬಂತು.

“ನಾನೂ ಮಾಫ್ ಮಾಡೇನಪಾ. ಒಂದು ಜೀವದ ತಪ್ಪು ಅದು, ಸಣ್ಣದಲ್ಲ. ಆದ್ರೂ ಪಾಟಿ ಕಿತ್ತಿಸಿ ಬಂದೇನಿ. ಸತ್ತವನ ಮ್ಯಾಲ ಎಂಥಾ ಸಿಟ್ಟು?”

“ದೊಡ್ಡ ಮನಸು” ಎಂದರು ಯಾರೋ. ಹೌದೌದೆಂದರು ಹಲವರು. ಹಮೀದುನ್ನೀಸಾ ಶಂಕ್ರವ್ವನ ಬಾಯಿಯನ್ನೇ ನೋಡಿದಳು. ಆ ಬಾಯಿ ತೆರೆಯಿತು, ಮತ್ತೆ ಮುಚ್ಚಿತು. ಶಂಕ್ರವ್ವ ತಲೆ ಬಗ್ಗಿಸಿ ಮೊದಲಿಗಿಂತ ಜೋರಾಗಿ ಕೆರೆಯತೊಡಗಿದಳು. ಎದ್ದು ಕೂಗಿಬಿಡಬೇಕೆಂದು ಹಮೀದುನ್ನೀಸಾಗೆ ಅನ್ನಿಸಿತು. ಆದರೆ ಸತ್ತವನ ಹೆಂಡತಿ ಅವನ ಪರ ಹೇಳದೆ ಇನ್ನೇನು ಹೇಳ್ಯಾಳು ಎನ್ನುವ ಮಂದಿ ಅದು. ಅವಳೂ ಹಂಚಿನ ಚೂರನ್ನು ಮತ್ತೆ ಅಕ್ಷರಕ್ಕೆ ಒತ್ತಿದಳು.

ಹಲಗೆ ಒಯ್ಯಲು ನಿಯಾಜ ಬಂದ.

“ಇದೊಂದ ಬಿಟ್ಟು ಹೋಗೋ ಬೇಟಾ.”

“ಸಾವ್ಕಾರ್ರು ಹೊರಗ ನಿಂತಾರಮ್ಮಾ. ಅವರು ಕೊಟ್ಟದ್ದ ಬಿಟ್ಟು ಹೋದ್ರ ಏನ್ ತಿಳ್ಕೊಂಡಾರು?”

“ಹಂಗಾರ ಅಕ್ಷರ ಮ್ಯಾಲ ಬರ್ಲಿ. ಮಣ್ಣಿನ ಕಡೆ. ಅವರ ಮಾರಿ ಕಡೆ ಮಾಡಬ್ಯಾಡ. ಅಲ್ಲಿಯೂ ಅದನ್ನ ಓದ್ಕೋತ ಮಲಗೂದ ಬ್ಯಾಡ.”

ನಿಯಾಜ ಹೂಂಗುಟ್ಟಿ ಹಲಗೆಯನ್ನು ಹೆಗಲಿಗೇರಿಸಿದ.

ಮಣ್ಣು ಕೊಟ್ಟು ಅವನು ತಿರುಗಿ ಬಂದಾಗ ಬಿಸಿಲು ಇಳಿದಿತ್ತು. ನೆರೆಮನೆಯವರು ತಂದಿಟ್ಟ ಅನ್ನದ ಮೇಲೆ ನೊಣ ಕೂತಿದ್ದವು. ಶಂಕ್ರವ್ವ ಯಾವಾಗಲೋ ಹೇಳದೆ ಹೋಗಿದ್ದಳು.

“ಯಾವ ಕಡೆ ಇಟ್ಟಿ?” ಎಂದಳು ತಾಯಿ.

ನಿಯಾಜ ಗೋಡೆ ನೋಡಿದ. “ನಾ ಇಡಲಿಲ್ಲಮ್ಮಾ. ಒಬ್ಬರ ಕೈಯಿಂದ ಒಬ್ಬರು ಇಸ್ಕೊಂಡ್ರು. ನಾ ನೋಡೂದ್ರಾಗ ಮಣ್ಣು ಬಿದ್ದಿತ್ತು.”

ಅವಳು ಅಳಲಿಲ್ಲ. ಅವನು ಮೂಲೆಯ ಟ್ರಂಕು ತೆಗೆದು ಏನನ್ನೋ ತಡಕಾಡಿದ. ಏಳು ವರ್ಷ ಅರಿವೆಯಲ್ಲಿ ಸುತ್ತಿಟ್ಟಿದ್ದ ಅಪ್ಪನ ಹಳೆಯ ಸ್ವಂತ ಪಾನಾ ಅಲ್ಲಿರಲಿಲ್ಲ.

“ಇದನ್ನ ಹುಡಕಾಕತ್ತಿಯೇನು?” ಪಾನಾ ಅವಳ ಮಡಿಲಲ್ಲಿತ್ತು.

“ಹೂಂ. ನಾಳಿಂದ ನಾನ ಮಿಸ್ತ್ರಿ ಅಂತ. ಖಬರಸ್ತಾನದಾಗ ಸಾವ್ಕಾರ್ರು ಹೆಗಲ ಮ್ಯಾಲ ಕೈ ಇಟ್ಟು ಹೇಳಿದ್ರು. ಅಬ್ಬಾಗ ಕೊಟ್ಟ ಮಾತಂತ.” ಅವನು ಟ್ರಂಕಿನ ಮುಚ್ಚಳ ಹಾಕಿದ. ಆಮೇಲೆ ಮೆಲ್ಲಗೆ ಅಂದ, “ಪಟ್ಟಾ ಭಾಳ ಜಾರಾಕತ್ತೈತಂತ. ಸುಗ್ಗಿ ಮುಗಿಯೂ ತನಕ ಜಾಳಿಗಿ ಬ್ಯಾಡ ಅಂದ್ರು.”

“ನೀ ಏನಂದಿ?”

ಊರಾಚೆ ಜಿನ್ನಿನ ಭೋಂಗಾ ಕೂಗಿತು. ಅದು ನಿಲ್ಲುವವರೆಗೆ ಇಬ್ಬರೂ ಕಾದರು. ನಿಂತ ಮೇಲೆ ನಿಯಾಜ ಪಾನಾದ ಕಡೆ ನೋಡಿದ. ಗೋರಿಯ ಮಣ್ಣು ಇನ್ನೂ ಹತ್ತಿದ್ದ ಕೈಯನ್ನು ಮುಂದೆ ಚಾಚಿದ.

ನಾಳೆ ನಾಡಿದ್ದು ನೆರೆಮನೆಯ ಅನ್ನ ನಿಲ್ಲುತ್ತದೆ. ಅವಳು ಬಹಳ ಹೊತ್ತು ಆ ಕೈ ನೋಡಿದಳು, ಕೊನೆಗೆ ಪಾನಾ ಕೊಟ್ಟಳು. ಅದರ ಹಿಡಿಕೆಯ ತುಂಬ ಅವಳ ಬೆರಳಿನ ಬಿಳಿ ಬಣ್ಣದ ಪುಡಿ ಹತ್ತಿತ್ತು.