ದಮ್ ಐತೇನ್ರಿ?

ಗಂಡ ಅಮೋಲ ತೀರಿಕೊಂಡ ಮೇಲೆ, ಧಾರವಾಡದಲ್ಲಿ ಕಲಿತ ಸಂಖ್ಯಾಶಾಸ್ತ್ರ ನನಗೊಂದು ಕೆಲಸ ಕೊಡಿಸಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಎಷ್ಟು ಮಂದಿಯ ಶ್ವಾಸಕೋಶ ಸೋತಿದೆ, ಯಾಕೆ ಸೋತಿದೆ ಎಂದು ಮನೆಮನೆಗೆ ಹೋಗಿ ಕೇಳುವುದು. ಅವನು ಹೋದ ಮೇಲೆ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಜನರನ್ನು ಮಾತಾಡಿಸುವ ಕೆಲಸಕ್ಕೆ ನನ್ನನ್ನೇ ಆರಿಸಿದರು.

ಮೊದಲ ಪ್ರಶ್ನೆ: ‘ತಮಗೆ ಶ್ವಾಸಸಂಬಂಧಿ ದೀರ್ಘಕಾಲೀನ ಬಾಧೆ ಇದೆಯೇ?’ ಹಿಪ್ಪರಗಿಯಲ್ಲಿ ಇದನ್ನು ಓದಿದಾಗ ಒಬ್ಬ ಮುದುಕ, ಮಂತ್ರ ಮುಗಿಯಲೆಂದು ಕೈಮುಗಿದು ಕೂತ. ಊರಿನ ಮಾತಿಗೆ ತಿರುಗಿಸಿದೆ. ನಮ್ಮ ಕಡೆ ಅಸ್ತಮಾಕ್ಕೆ ದಮ್ ಎನ್ನುತ್ತಾರೆ. "ದಮ್ ಐತೇನ್ರಿ?" ಎಂದು ಕೇಳತೊಡಗಿದೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

"ಐತಿ ಮತ್ತ!" ಎಂದ ಕಬ್ಬು ಬೆಳೆಯುವ ಗಿರಿಮಲ್ಲಪ್ಪ, ಮೀಸೆಯ ಮೇಲೆ ಕೈಯಿಟ್ಟು. "ಯಾಕ, ನೋಡಿದ್ರ ಕಾಣೂದಿಲ್ಲೇನ್ರಿ ಅಕ್ಕಾರ?"

ಪಾಪ, ಜಡ್ಡನ್ನು ಎಷ್ಟು ಧೈರ್ಯವಾಗಿ ಒಪ್ಪಿಕೊಂಡ ಎಂದು ಗುರುತು ಹಾಕಿದೆ.

ಗಂಡಸರೆಲ್ಲ ಐತಿ ಎಂದರು. ಹೆಂಗಸರು ನಕ್ಕು, "ನಮಗೆಲ್ಲೀದು ದಮ್ಮ, ಯವ್ವಾ" ಎಂದರು. ಬನಹಟ್ಟಿಯ ನಮ್ಮ ಮನೆಯಲ್ಲೂ ಕೇಳಿದೆ. ಅತ್ತೆ ಅನಸವ್ವ ಮಗ್ಗಕ್ಕೆ ನೂಲು ಸುತ್ತುತ್ತ, "ಇದ್ದ ದಮ್ಮೆಲ್ಲಾ ಮಗನ ಜೋಡಿ ಹೋತು" ಎಂದರು.

‘ಇಲ್ಲ’ ಎಂದು ಗುರುತು ಹಾಕಿದೆ.

ವರದಿಯನ್ನೂ ಬರೆದೆ: ಗಂಡಸರಿಗೆ ಬೀಡಿ ಮುಳುವಾಗಿದೆ, ಹೆಂಗಸರನ್ನು ಮನೆಯೊಳಗಿನ ಬದುಕು ಕಾಪಾಡಿದೆ.

ಮೇಲ್ವಿಚಾರಕ ರಾಜಕುಮಾರ ಸರ್ ಫೋನ್ ಮಾಡಿದರು. "ಮಧುಮತಿಯವರ, ಕೃಷ್ಣಾ ದಂಡಿ ಗಂಡಸ್ರನ್ನೆಲ್ಲಾ ಆಕ್ಸಿಜನ್ ಮ್ಯಾಲೆ ಹಾಕಬೇಕಾಗೈತಿ. ಏನಂತ ಕೇಳಿದ್ರಿ?"

ಹೇಳಿದೆ. ಬಹಳ ಹೊತ್ತು ನಕ್ಕರು.

"ಅವ್ರ ತಾಕತ್ತ ಕೇಳಿ ಬಂದೀರಿ ನೀವು! ‘ದಮ್ ಹತ್ತತೈತೇನು’ ಅಂತ ಕೇಳ್ರಿ. ಊದೂ ಮಷೀನ್ ಕಳಸ್ತೇನಿ, ಎಲ್ಲಾರನ್ನೂ ಊದಸ್ರಿ."

ದಮ್ ಎಂದರೆ ಜಡ್ಡೂ ಹೌದು, ಎದೆಗಾರಿಕೆಯೂ ಹೌದು ಎಂಬುದು ಇದೇ ಸೀಮೆಯಲ್ಲಿ ಹುಟ್ಟಿದ ಎಂ.ಎಸ್ಸಿ.ಗೆ ಹೊಳೆದಿರಲಿಲ್ಲ.

ಮಷೀನು ಬಂದಾಗ ಮೊದಲು ಅತ್ತೆಯನ್ನೇ ಕೂಡಿಸಿದೆ. ಹೊರಗೆ ಇನ್ನೊಮ್ಮೆ ನಗೆಗೀಡಾಗುವ ಮುಂಚೆ ಕೈ ಪಳಗಲಿ ಎಂದು. ನೂಲು ಹಾರುತ್ತದೆಂದು ಮಗ್ಗದ ಕೋಣೆಯಲ್ಲಿ ಫ್ಯಾನ್ ಹಾಕುವುದಿಲ್ಲ, ಕಿಟಕಿಯನ್ನೂ ತೆರೆಯುವುದಿಲ್ಲ. ಅತ್ತೆಯ ಹುಬ್ಬಿನ ತುಂಬ ಹತ್ತಿಯ ಧೂಳು. ಅದನ್ನು ನಾನು ಇಷ್ಟು ದಿನ ನರೆ ಎಂದುಕೊಂಡಿದ್ದೆ.

"ಊದ್ರಿ ಅತ್ತಿ. ಜೋರ್. ಇನ್ನೂ ಜೋರ್."

ಊದಿದರು, ನಡುವೆಯೇ ಕೆಮ್ಮಿದರು. ಮತ್ತೆ ಊದಿದರು. ಅವರ ವಯಸ್ಸಿಗೆ ಇರಬೇಕಾದ ಉಸಿರಿನ ಅರ್ಧವನ್ನಷ್ಟೇ ಮಷೀನು ತೋರಿಸಿತು.

"ದಮ್ ಹತ್ತತೈತೇನ್ರಿ?"

"ಬಾಳ ದಿನಾತು. ಕೊಡಾ ಎತ್ತಿದ್ರೂ ಹತ್ತತೈತಿ."

"ಹೇಳಬಾರದೇನ್ರಿ?"

"ಹೇಳಿದ್ರ ನನ್ನ ಜ್ವಾಪಾನ ಮಾಡ್ಕೋತ ಇಲ್ಲೇ ಕೂಡ್ತಿದ್ದಿ. ಹರೇದಾಕಿ ನೀ. ನಾಳೆ ನಿಮ್ಮಪ್ಪ ನಿನಗ ಮತ್ತೊಂದ ಮದವಿ ಮಾಡ್ತೇನಂದ್ರ ಈ ಮುದುಕಿ ಕಾಲಿಗೆ ತೊಡಕಾಗಬಾರದು."

ನಾನು ಈ ಮನೆಯಲ್ಲಿ ಉಳಿದದ್ದು ಅವರಿಗೆ ಮಾಡಿದ ದೊಡ್ಡ ಉಪಕಾರವೆಂದು ತಿಳಿದಿದ್ದೆ.

"ಮದವಿ ಸುದ್ದಿ ಆಮ್ಯಾಗ. ಸೀರಿ ಬದಲಿಸ್ರಿ, ಜಮಖಂಡಿ ದವಾಖಾನಿಗೆ ಹೋಗೂನು."

"ನೂಲ ಯಾರ ಸುತ್ತತಾರ?"

"ನಾ ಸುತ್ತತೇನಿ. ಕಿಡಕಿ ತಗದು."

"ನಿನಗೆಲ್ಲಿ ಬರತೈತಿ? ಎಳಿ ಹರಕೋತ ಕೂಡ್ತಿ," ಎಂದು ಬೈಯುತ್ತಲೇ ಎದ್ದರು.

ಓಣಿಯ ತಿರುವಿನಲ್ಲಿ ಗೋಡೆಗೆ ಕೈಯಿಟ್ಟು ನಿಂತರು. ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು.

"ನೀ ಓಡಿ ಹಿಡೀ," ಎಂದರು.

"ಇನ್ನೊಂದ ಬರತೈತಿ ಬಿಡ್ರಿ," ಎಂದು ನಾನೂ ನಿಂತೆ.