ಎರಡು ಎಡಗೈ

ಮುಚ್ಚಳದ ಎದೆಭಾಗದ ಮೇಲಿನ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ ಪಾಶೆದ, ಅದರಡಿ ಬರೆದಿದ್ದ ಕೈಗಳು ಕಾಣಿಸಿಕೊಳ್ಳುತ್ತಲೇ ನಿಲ್ಲಿಸಿಬಿಟ್ಟ. ಹಳೆಯ ಶವಪೆಟ್ಟಿಗೆ. ಮೇಲೆ ಬಳಿದ ರಾಳ ಕಪ್ಪಾಗಿ, ಹಳದಿ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಸತ್ತವರ ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಇಟ್ಟಂತೆ ಬರೆಯುವುದು ನಮ್ಮಲ್ಲಿ ರೂಢಿ. ಹಾಗೆ ಇಟ್ಟಾಗ ಎರಡು ಹೆಬ್ಬೆರಳೂ ಕತ್ತಿನ ಕಡೆಗೆ ಬರಬೇಕು. ಇಲ್ಲಿ ಒಂದು ಹೆಬ್ಬೆರಳು ಕತ್ತಿನ ಕಡೆಗಿತ್ತು, ಇನ್ನೊಂದು ಹೊಟ್ಟೆಯ ಕಡೆಗಿತ್ತು. ಎರಡೂ ಎಡಗೈ. ನದಿಯ ಈ ಪಶ್ಚಿಮದ ದಂಡೆಯಲ್ಲಿ ಇಂಥ ತಪ್ಪು ಮಾಡಿದ ಚಿತ್ರಗಾರ ಒಬ್ಬನೇ. ಅವನೂ ಮಾಡಿದ್ದು ಒಂದೇ ಸಲ, ತನ್ನ ಹೆಂಡತಿ ತಾಮಿತಳ ಪೆಟ್ಟಿಗೆಯ ಮೇಲೆ. ಆ ಚಿತ್ರಗಾರ ಈಗ ಒದ್ದೆ ಬಟ್ಟೆ ಹಿಡಿದುಕೊಂಡು ಕೂತಿದ್ದ.

ಕೈಗಳ ಕೆಳಗಿನ ಪಟ್ಟಿಯನ್ನೂ ಒರೆಸಿ ನೋಡಿದ. ಹೆಸರು ಹಾಗೇ ಇತ್ತು. ಅಕ್ಷರವೂ ಅವನದೇ.

ಅಂಗಳದ ಆ ಕಡೆ ಬಡಗಿ ನಖ್ತಮಿನ ಕೂತು ಬಾಚಿಯಿಂದ ಹಲಗೆ ಕೆತ್ತುತ್ತಿದ್ದ. ಪೆಟ್ಟಿಗೆಯನ್ನು ಕತ್ತೆಯ ಮೇಲೆ ಹೇರಿ ತಂದವನು ಅವನೇ. ಮರ ಸಿಗದ ಕಾಲ ಇದು. ಉತ್ತರದಿಂದ ದೇವದಾರು ಬರುವುದು ನಿಂತು ಎಷ್ಟೋ ಕಾಲವಾಯಿತು, ಊರ ಅತ್ತಿಮರಗಳೂ ಖಾಲಿಯಾದವು, ಆದರೆ ಸಾಯುವವರೇನೂ ಕಡಿಮೆಯಾಗಲಿಲ್ಲ. ಹಾಗಾಗಿ ಗುಡ್ಡದ ಗೋರಿಗಳಿಂದ ಹಳೆಯ ಪೆಟ್ಟಿಗೆಗಳು ಒಂದೊಂದಾಗಿ ಇಳಿದು ಬರುತ್ತಿದ್ದವು. ಯಾರು ಇಳಿಸಿದರು, ಒಳಗಿದ್ದವರು ಏನಾದರು ಎಂದು ಕೇಳುವ ಪದ್ಧತಿ ಇರಲಿಲ್ಲ. ತಂದ ದಿನವೇ ನಖ್ತಮಿನ ಹೇಳಿದ್ದ:

"ಎಲ್ಲಿಂದ ಬಂತು ಅಂತ ಕೇಳ್ಬೇಡ ಕಣಯ್ಯ. ಕೇಳಿದ್ರೆ ನಾನು ಸುಳ್ಳು ಹೇಳ್ಬೇಕು, ನೀನು ನಂಬಬೇಕು. ಇಬ್ರಿಗೂ ಸುಮ್ನೆ ತಾಪತ್ರಯ."

ಪಾಶೆದನ ಕೆಲಸ ಸರಳ. ಹಳೆಯ ಮುಖ ಕೆರೆಯಬೇಕು, ಹಳೆಯ ಹೆಸರು ಕೆರೆಯಬೇಕು, ಗಾರೆ ಮೆತ್ತಿ ಹೊಸಬರ ಮುಖ, ಹೊಸಬರ ಹೆಸರು ಬರೆಯಬೇಕು. ಹೆಸರು ಹೋದವರು ಇನ್ನೊಂದು ಸಲ ಸತ್ತಂತೆ. ಆ ಲೋಕದಲ್ಲಿ ಅವರನ್ನು ಯಾರೂ ಕರೆಯುವುದಿಲ್ಲ, ಯಾರೂ ಉಣ್ಣಲು ಕೂರಿಸುವುದಿಲ್ಲ. ಇದು ಚಿಕ್ಕ ಮಕ್ಕಳಿಗೂ ಗೊತ್ತು. ಪಾಶೆದನಿಗೂ ಗೊತ್ತಿತ್ತು. ಆದರೂ ಈ ನಾಲ್ಕಾರು ವರ್ಷಗಳಲ್ಲಿ ಅವನು ಕೆರೆದ ಹೆಸರುಗಳಿಗೆ ಲೆಕ್ಕವಿಲ್ಲ. ನಿಜ ಹೇಳಬೇಕೆಂದರೆ, ಬೇರೆಯವರ ಹೆಸರು ಕೆರೆಯುವಾಗ ಅವನಿಗೆ ನಿದ್ದೆ ಬರುತ್ತಿತ್ತು.

ತಾಮಿತ ಎಡಚಿ. ಹಿಟ್ಟು ನಾದುವುದು, ಕತ್ತೆಗೆ ಬಾರಿಸುವುದು, ಗಂಡನ ತಲೆ ಸವರುವುದು, ಎಲ್ಲಾ ಎಡಗೈಯಲ್ಲೇ. ಪಾಶೆದನ ತಾಯಿ ಬದುಕಿರುವ ತನಕ ಇದಕ್ಕೆ ಗೊಣಗುತ್ತಿದ್ದಳು. ತಾಮಿತ ನಗುತ್ತಿದ್ದಳು, ಕೈ ಬದಲಾಯಿಸುತ್ತಿರಲಿಲ್ಲ. ಅವಳು ಜ್ವರದಲ್ಲಿ ಸತ್ತು, ಶವವನ್ನು ಕೆಡದಂತೆ ಉಪ್ಪಿನಲ್ಲಿಟ್ಟಿದ್ದ ದಿನಗಳಲ್ಲಿ ಪಾಶೆದ ಪೆಟ್ಟಿಗೆಗೆ ಬಣ್ಣ ಹಾಕಿದ. ಮರದ ಕೈ ಕೆತ್ತಿಸಿ ಕೂರಿಸುವ ಶಕ್ತಿ ಇರಲಿಲ್ಲ, ಕುಂಚದಲ್ಲೇ ಬರೆದ. ನಿದ್ದೆಗೆಟ್ಟ ಕಣ್ಣಲ್ಲಿ ಒಂದು ಕೈ ಬರೆದು, ಪಕ್ಕದಲ್ಲಿ ಅದನ್ನೇ ಇನ್ನೊಮ್ಮೆ ಬರೆದುಬಿಟ್ಟ. ಜೊತೆಯವರು ನೋಡಿ ನಕ್ಕರು. ಅವನು ಕೆರೆಯಲು ಉಳಿ ತೆಗೆದುಕೊಂಡಾಗ, ಆಗಿನ್ನೂ ಎಳೆಯವಳಾಗಿದ್ದ ಮಗಳು ಬಕೆತ ತಡೆದಿದ್ದಳು. "ಅಮ್ಮ ಎಡಚಿ ಅಲ್ವಾ ಅಪ್ಪ, ಅದಕ್ಕೇ ಹಿಂಗೆ ಬರ್ದೆ ಅಲ್ವಾ?" ಅಂದಿದ್ದಳು. ಹೌದು ಅಂದುಬಿಟ್ಟ.

ನಮ್ಮ ಕಸುಬಿನಲ್ಲಿ ಮುಖ ಎಂಬುದು ಎಲ್ಲರಿಗೂ ಒಂದೇ. ಮುದುಕಿ ಸತ್ತರೂ ಹರೆಯದ ಮುಖ, ಕುರೂಪಿ ಸತ್ತರೂ ಚೆಲುವಿನ ಮುಖ, ಅದೇ ಕಣ್ಣು, ಅದೇ ಹುಬ್ಬು. ಆ ಪೆಟ್ಟಿಗೆಯ ಮೇಲಿದ್ದ ಮುಖ ತಾಮಿತಳದಲ್ಲ, ಯಾರದೂ ಅಲ್ಲ. ಅವಳದೆಂದು ಇದ್ದದ್ದು ಹೆಸರು, ಮತ್ತೆ ಆ ತಪ್ಪು ಕೈ.

ಮಧ್ಯಾಹ್ನದ ಹೊತ್ತಿಗೆ ಹೆರೆರೆ ಬಂದಳು. ಪೆಟ್ಟಿಗೆ ಅವಳಿಗಾಗಿಯೇ ತರಿಸಿದ್ದು. ಆಚೆ ದಡದ ಅಮುನ್ ದೇವರ ಗುಡಿಯಲ್ಲಿ ಹಾಡುವವಳಾಗಿದ್ದು, ದೇವರ ಮುಂದೆ ಗಿಲಕಿ ಆಡಿಸಿ ಆಡಿಸಿ ಅವಳ ಬಲಗೈ ಈಗ ಗಿಲಕಿ ಇಲ್ಲದೆಯೂ ನಡುಗುತ್ತಿತ್ತು. ಅದನ್ನು ಎಡಗೈಯಿಂದ ಅದುಮಿ ಹಿಡಿದುಕೊಂಡೇ ಓಡಾಡುತ್ತಿದ್ದಳು. ಕೆಮ್ಮು ಬೇರೆ. ಕಣ್ಣೆದುರೇ ಪೆಟ್ಟಿಗೆ ಸಿದ್ಧವಾಗಬೇಕು ಎಂಬುದು ಅವಳ ಹಟ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಮರವನ್ನು ಬೆರಳಲ್ಲಿ ತಟ್ಟಿ ನೋಡಿದಳು.

"ಮುಖ ಸ್ವಲ್ಪ ತುಂಬ್ಕೊಂಡಂಗೆ ಬರಿಯಪ್ಪ. ಈ ಕೆನ್ನೆ ತಗೊಂಡು ಹೋದ್ರೆ ಸತ್ತೋರ ದೊರೆ ಒಸಿರಿಸ್ ಬಾಗ್ಲೇ ಹಾಕ್ಕೋತಾನೆ."

ಪಾಶೆದ ಹೂಂ ಅಂದ. ಒದ್ದೆ ಬಟ್ಟೆಯನ್ನು ಕೈಗಳ ಚಿತ್ರದ ಮೇಲೆ ಹರಡಿದ್ದ. ಅವಳು ಹೋಗುವ ಮೊದಲು ಅಕ್ಕನ ಸುದ್ದಿ ತೆಗೆದಳು. ಅಕ್ಕ ಸತ್ತಾಗ ಮರ ಸಿಗದೆ ಚಾಪೆಯಲ್ಲಿ ಸುತ್ತಿ ಮರಳಲ್ಲಿ ಹೂತರಂತೆ. ಅಂದಿನಿಂದ ತನಗೆ ಚಾಪೆಯ ಮೇಲೆ ಮಲಗಿದರೆ ನಿದ್ದೆಯೇ ಹತ್ತುವುದಿಲ್ಲ ಎಂದಳು. ಇಂಥವಳನ್ನು ದ್ವೇಷಿಸುವುದು ಹೇಗೆ ಎಂದು ಪಾಶೆದನಿಗೆ ತೋಚಲಿಲ್ಲ.

ತಾಮಿತಳನ್ನಿಟ್ಟ ಗುಡ್ಡದ ಗೋರಿಯ ಬಾಗಿಲು ಎಲ್ಲಿದೆಯೆಂದು ಗೊತ್ತಿದ್ದವರು ಮನೆಯವರು ಮಾತ್ರ. ಅವನು ಮನೆಗೆ ಹೋದಾಗ ಬಕೆತ ಹಿಟ್ಟು ನಾದುತ್ತಿದ್ದಳು. ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ಅವಳು ಅಪ್ಪನ ಜೊತೆಗೇ ಇದ್ದಳು, ಈ ದಡದ ಗುಡಿಯ ದೊಡ್ಡ ಗೋಡೆಗೆ ಆನಿಸಿ ಕಟ್ಟಿದ ಎರಡು ಕೋಣೆಗಳಲ್ಲಿ.

"ಪೆಟ್ಟಿಗೆ ಬಂದಿದೆ ಬಕೆತ," ಎಂದ. "ನಿಮ್ಮಮ್ಮಂದು."

ಅವಳ ಕೈ ನಿಲ್ಲಲಿಲ್ಲ. ಹಿಟ್ಟನ್ನು ಇನ್ನೂ ಸ್ವಲ್ಪ ಹೊತ್ತು ನಾದಿ, ಉಂಡೆ ಮಾಡಿ, ಬಟ್ಟೆ ಮುಚ್ಚಿ, ಆಮೇಲೆ ಹೇಳಿದಳು. ಕತ್ತೆಕಿರುಬಗಳ ವರ್ಷ ಎಂದು ಈಗ ಎಲ್ಲರೂ ಕರೆಯುವ ಆ ವರ್ಷ, ನದಿ ಸರಿಯಾಗಿ ಏರದೆ, ಕಣಜದಿಂದ ಕಾಳು ಬರದೆ, ಮೊಲೆಹಾಲು ಬತ್ತಿ ಮಗು ಅಳುವುದನ್ನೂ ಬಿಟ್ಟಿತ್ತು. ಗೋರಿಯ ಬಾಗಿಲನ್ನು ಗಂಡನಿಗೆ ತೋರಿಸಿದವಳು ಇವಳೇ. ಪೆಟ್ಟಿಗೆ ಕೊಟ್ಟು ಜವೆಗೋಧಿ ತಂದರು. ಆಗ ಅದು ಆಚೆ ದಡದ ಯಾರದೋ ಉಗ್ರಾಣ ಸೇರಿತ್ತು, ಈಗ ತಿರುಗಿ ಬಂದಿದೆ ಅಷ್ಟೇ.

"ಅಮ್ಮನ್ನ ನಾನೇ ಎತ್ತಿ ಚಾಪೆ ಮೇಲೆ ಮಲಗಿಸ್ದೆ. ಬೇರೆ ಯಾರಿಗೂ ಮುಟ್ಟಕ್ಕೆ ಬಿಡಲಿಲ್ಲ."

"ನಂಗೊಂದು ಮಾತು ಹೇಳ್ಬೋದಿತ್ತು."

"ಹೇಳಿದ್ರೆ ನೀನು ರೊಟ್ಟಿ ತಿಂತಿರ್ಲಿಲ್ಲ ಅಪ್ಪ."

ಪಾಶೆದನಿಗೆ ಆ ರೊಟ್ಟಿ ನೆನಪಿತ್ತು. ಊರೆಲ್ಲ ಹುಲ್ಲಿನ ಬೇರು ಕುದಿಸಿ ಕುಡಿಯುವಾಗ ಅವನ ಮುಂದೆ ದಪ್ಪ ರೊಟ್ಟಿ ಇತ್ತು. ಎಲ್ಲಿಂದ ಬಂತು ಎಂದು ಕೇಳದೆ ತಿಂದಿದ್ದ. ತಿಂದು, ಬೆರಳಿಗೆ ಅಂಟಿದ ಪುಡಿಯನ್ನೂ ನೆಕ್ಕಿದ್ದ. ಈಗ ಎದ್ದು ಹೊರಗೆ ಹೋಗಿ ಗೋಡೆಗೆ ಒರಗಿ ಕೂತ. ಸಂಜೆ ಬಕೆತ ಕರೆದರೂ ಉಣ್ಣಲು ಒಳಗೆ ಬರಲಿಲ್ಲ.

ಮಾಡಬಹುದಾದದ್ದು ಏನೂ ಇರಲಿಲ್ಲ. ಅಧಿಕಾರಿಗಳಿಗೆ ಹೇಳಿದರೆ ಮೊದಲು ನಖ್ತಮಿನನ ಅಂಗಾಲಿಗೆ ಬಡಿಯುತ್ತಾರೆ, ಅಲ್ಲಿಂದ ಒಬ್ಬೊಬ್ಬರಾಗಿ ಕೊನೆಗೆ ಬಕೆತಳ ಬಾಗಿಲಿಗೇ ಬರುತ್ತಾರೆ. ಪೆಟ್ಟಿಗೆಯನ್ನು ತಿರುಗಿ ಗುಡ್ಡಕ್ಕೆ ಹೊತ್ತರೆ ಇನ್ನೊಂದು ತಿಂಗಳಿಗೆ ಇನ್ನಾರೋ ಇಳಿಸುತ್ತಾರೆ. ಸಿಟ್ಟಾದರೂ ಮಾಡಿಕೊಳ್ಳೋಣ ಎಂದುಕೊಂಡ. ಅದಕ್ಕೂ ಸ್ವಲ್ಪ ಕಸುವು ಬೇಕಲ್ಲ. ಅವನಿಗೆ ಬೇಸರವಾಗಿತ್ತು, ಅಷ್ಟೇ. ತನ್ನ ಮೇಲೆ, ಕಾಲದ ಮೇಲೆ, ಬಣ್ಣದ ಬೋಗುಣಿಗಳ ಮೇಲೆ ಸಹ.

ಮರುದಿನ ಅವನು ಮುಖ ಕೆರೆದ. ಅದು ಕಷ್ಟವಾಗಲಿಲ್ಲ. ಹೆಸರಿಗೆ ಬಂದಾಗ ಒಂದೊಂದು ಅಕ್ಷರವನ್ನೂ ಬಾಯಲ್ಲಿ ಅಂದುಕೊಂಡು ಕೆರೆದ. ಹಳದಿ ಪುಡಿ ಮಡಿಲಲ್ಲಿ ಬಿತ್ತು. ನಖ್ತಮಿನ ಒಮ್ಮೆ ತಲೆ ಎತ್ತಿ ನೋಡಿ, ಮತ್ತೆ ಬಾಚಿ ಎತ್ತಿಕೊಂಡ. ಬಕೆತ ಮಧ್ಯಾಹ್ನ ಬುಟ್ಟಿಯಲ್ಲಿ ರೊಟ್ಟಿ ಈರುಳ್ಳಿ ತಂದು ಸ್ವಲ್ಪ ದೂರದಲ್ಲಿಟ್ಟು ಹೋದಳು. ಗುಬ್ಬಿಗಳು ತಿಂದವು. ಅದರ ಮರುದಿನವೂ ಹಾಗೇ ಆಯಿತು.

ಉಳಿ ಕೈಗಳ ಹತ್ತಿರ ಬಂದಾಗ ಮಾತ್ರ ಮುಂದೆ ಹೋಗಲಿಲ್ಲ. ಸುತ್ತಲೂ ಗಾರೆ ಮೆತ್ತಿದ. ಹೊಸ ಮುಖ ಬರೆದ, ಹೆರೆರೆ ಕೇಳಿದಂತೆ ಕೆನ್ನೆ ತುಂಬಿಸಿದ. ಹೊಸ ಹೆಸರು ಬರೆದ. ಕೈಗಳಲ್ಲಿ ಚಕ್ಕೆ ಎದ್ದ ಕಡೆ ಬಣ್ಣ ತುಂಬಿ, ಮಾಸಿದ್ದ ಕಪ್ಪು ಗೆರೆಯ ಮೇಲೆಯೇ ಮತ್ತೆ ಗೆರೆ ಎಳೆದ. ಒಂದು ಹೆಬ್ಬೆರಳು ಕತ್ತಿನ ಕಡೆಗೆ, ಇನ್ನೊಂದು ಹೊಟ್ಟೆಯ ಕಡೆಗೆ. ಅದು ಮಾಡಬಾರದ ಕೆಲಸ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಳಬರ ಗುರುತು ಉಳಿದರೆ ಆ ಲೋಕದಲ್ಲಿ ಒಂದೇ ಪೆಟ್ಟಿಗೆಯನ್ನು ನನ್ನದೆಂದು ಇಬ್ಬರು ಬರುತ್ತಾರೆ.

ರಾಳ ಬಳಿಯುವ ಮೊದಲು ಬಂದು ನೋಡಿ ಒಪ್ಪಬೇಕೆಂದು ಹೆರೆರೆಗೆ ಹೇಳಿ ಕಳಿಸಿದ. ಅವಳು ಬಂದಾಗ ಬಕೆತಳೂ ಬುಟ್ಟಿ ಹಿಡಿದು ಬಂದಿದ್ದಳು. ಪೆಟ್ಟಿಗೆಯನ್ನು ನೋಡಿದವಳೇ ಬುಟ್ಟಿ ಕೆಳಗಿಡುವುದನ್ನು ಮರೆತು ಹಾಗೇ ನಿಂತಿದ್ದಳು. ಹೆರೆರೆ ಮುಖದ ಹತ್ತಿರ ಬಗ್ಗಿ, ಚೆನ್ನಾಗಿದೆ, ಇದು ನಾನೇ ಅಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ ಎಂದು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅವಳ ಕಣ್ಣು ಎದೆಯ ಮೇಲಿನ ಕೈಗಳ ಕಡೆ ಇಳಿಯಿತು. ತುಂಬ ಹೊತ್ತು ನೋಡಿದಳು.

"ನಿಂಗೂ ವಯಸ್ಸಾಯ್ತು ಪಾಶೆದಪ್ಪ. ಎರಡೂ ಎಡಗೈ ಬರ್ದಿದ್ದೀಯ."

"ಹೌದು," ಎಂದ ಪಾಶೆದ. ಕಪ್ಪಿನಲ್ಲಿ ಅದ್ದಿದ ಕುಂಚ ಕೈಯಲ್ಲೇ ಇತ್ತು. "ತಿದ್ಲಾ?"

ಅವಳು ಹೂಂ ಅಂದರೆ ಅಲ್ಲಿಗೆ ಮುಗಿಯಿತು. ಹಳೆಯ ಹೆಬ್ಬೆರಳನ್ನು ಅಳಿಸಿ ಹೊಸದೊಂದನ್ನು ಎಳೆಯಲು ಎಷ್ಟು ಹೊತ್ತು ಬೇಕು? ಹೆರೆರೆ ತಲೆ ಎತ್ತದೆ, ಮೆಲ್ಲಗೆ ಕೇಳಿದಳು.

"ಇದ್ರಲ್ಲಿ ಮೊದ್ಲು ಇದ್ದೋಳು ಎಡಚೀನಾ?"

ಹೀಗೆ ಕೇಳುವುದು ನಮ್ಮಲ್ಲಿ ಇಲ್ಲ. ನಖ್ತಮಿನನ ಬಾಚಿ ನಿಂತಿತು. ಹೇಳಿದವಳು ಬಕೆತ.

"ನಮ್ಮಮ್ಮ," ಎಂದಳು. "ತಾಮಿತ ಅಂತ."

ಹೆರೆರೆ ಅವಳನ್ನು ನೋಡಿದಳು, ಪಾಶೆದನನ್ನು ನೋಡಿದಳು. ಅವಳು ಆಚೆ ದಡದವಳು, ಗುಡಿಯವಳು. ಅಧಿಕಾರಿಗಳ ಮನೆಯ ಬಾಗಿಲು ಅವಳಿಗೆ ದೂರವೇನಲ್ಲ. ನಡುಗುವ ಬಲಗೈಯನ್ನು ಎಡಗೈ ಬಿಟ್ಟುಬಿಟ್ಟಿತು. ಅದು ಉಟ್ಟ ಬಟ್ಟೆಯ ಮಡಿಕೆಯಲ್ಲಿ ತನ್ನಷ್ಟಕ್ಕೆ ಅದುರುತ್ತಾ ಇತ್ತು.

"ಇದು ನಂಗೆ ಹೆಂಗೂ ಕೆಲಸಕ್ಕೆ ಬರಲ್ಲ," ಎಂದಳು. "ಎಡಗೈನೇ ವಾಸಿ. ಹಂಗೇ ಇರ್ಲಿ ಬಿಡು."

ಆಮೇಲೆ ಅವಳು ಪೆಟ್ಟಿಗೆಯ ಎದುರು ನೆಟ್ಟಗೆ ನಿಂತು, ಎರಡು ಕೈಗಳನ್ನೂ ಎದೆಯ ಮೇಲೆ ಅಡ್ಡಡ್ಡ ಇಟ್ಟುಕೊಂಡಳು. ಚಿತ್ರವನ್ನು ನೋಡಿಕೊಂಡು ಬಲಗೈಯನ್ನು ಮಗುಚಿ, ಹೆಬ್ಬೆರಳು ಹೊಟ್ಟೆಯ ಕಡೆ ಬರುವಂತೆ ಮಾಡಲು ಹೋದಳು. ಮಣಿಕಟ್ಟು ಅಷ್ಟು ತಿರುಗಲಿಲ್ಲ.

"ಹಿಂಗಾ?" ಎಂದು ಬಕೆತಳನ್ನು ಕೇಳಿದಳು.

ಬಕೆತ ಬುಟ್ಟಿಯನ್ನು ಕೆಳಗಿಟ್ಟು ಹತ್ತಿರ ಹೋದಳು. ಮುದುಕಿಯ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ನೋಯದ ಹಾಗೆ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ, ಅಂಗೈ ಹೊರಗೆ ಮಾಡಿ ಎದೆಯ ಮೇಲೆ ಕೂರಿಸಿದಳು. ನಡುಕ ನಿಲ್ಲುವ ತನಕ ಹಾಗೇ ಒತ್ತಿ ಹಿಡಿದುಕೊಂಡಳು.

ಪಾಶೆದ ಕುಂಚವನ್ನು ನೀರಿನ ಬೋಗುಣಿಯಲ್ಲಿ ಅದ್ದಿ ತೊಳೆದ. ಆಮೇಲೆ ರೊಟ್ಟಿಯ ಬುಟ್ಟಿಯನ್ನು ಹತ್ತಿರ ಎಳೆದುಕೊಂಡ.